ಅಣ್ಣನ ತುತ್ತು

ನೇಕಾರ ಗುರುಸಿದ್ದಪ್ಪನ ಹೆಂಡತಿ ಸಂಗವ್ವನಿಗೆ ಇಬ್ಬರು ಮಕ್ಕಳಿದ್ದರು. ಹಿರಿಯವನು ಚನ್ನಪ್ಪ, ಕಿರಿಯವಳು ದಾನವ್ವ. ಚನ್ನಪ್ಪ ಏಳು ವರ್ಷದವನಿದ್ದಾಗ ಜ್ವರ ಬಂದು, ಒಂಬತ್ತು ದಿನ ಮಲಗಿ ತೀರಿಕೊಂಡ. ಕಡೆಯ ದಿನ ತಾಯಿ ಕುಡಿಸಿದ ಗಂಜಿಯನ್ನು ಎರಡು ಗುಟುಕು ನುಂಗಿ ಮುಖ ತಿರುಗಿಸಿದ್ದ. ಇನ್ನು ನಾಲ್ಕು ಗುಟುಕು ಒಳಗೆ ಹೋಗಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಸಂಗವ್ವ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಹಾಗಲ್ಲ, ಆ ಜ್ವರಕ್ಕೆ ಅನ್ನವೂ ಮದ್ದಲ್ಲ, ಗಂಜಿಯೂ ಮದ್ದಲ್ಲ ಎಂದು ವೈದ್ಯರು ಎಷ್ಟು ಹೇಳಿದರೂ ಅದು ಅವಳ ಕಿವಿಗೆ ಬೀಳಲಿಲ್ಲ.

ಹಟ ಮಾಡುವ ಮಕ್ಕಳಿಗೆ ಒಂದೊಂದು ತುತ್ತಿಗೂ ಒಂದೊಂದು ಹೆಸರಿಟ್ಟು ಉಣಿಸುವುದು ಎಲ್ಲರ ಮನೆಯಲ್ಲೂ ಉಂಟು. ಇದು ಅಪ್ಪನ ತುತ್ತು, ಇದು ಕಾಕಾನ ತುತ್ತು, ಇದು ಗುಬ್ಬಿಯ ತುತ್ತು ಎಂದರೆ ಮಗು ನಗುತ್ತ ಬಾಯಿ ತೆರೆಯುತ್ತದೆ. ಆಟ ಅಷ್ಟೆ. ಸಂಗವ್ವನ ಮನೆಯಲ್ಲಿ ಮಾತ್ರ ಅದು ಆಟವಾಗಿ ಉಳಿಯಲಿಲ್ಲ. ಆಗ ನಾಲ್ಕು ವರ್ಷದವಳಾಗಿದ್ದ ದಾನವ್ವ ಉಂಡು ಏಳುವ ಹೊತ್ತಿಗೆ ಅವಳು ಇನ್ನೊಂದು ತುತ್ತು ಕಲಸಿ, "ಇದು ನಿಮ್ಮಣ್ಣನ ತುತ್ತು. ನೀ ಉಣ್ಣಲಿಲ್ಲಂದ್ರ ಅವ ಉಪಾಸ ಮಲಗ್ತಾನ" ಎನ್ನುತ್ತಿದ್ದಳು. ಅಣ್ಣ ಉಪವಾಸ ಮಲಗುವುದು ಯಾವ ತಂಗಿಗೆ ಬೇಕು? ದಾನವ್ವ ಬಾಯಿ ತೆರೆಯುತ್ತಿದ್ದಳು.

ಮೊದಲು ಒಂದೇ ತುತ್ತಿತ್ತು. ಮರುವರ್ಷ ಅರ್ಧ ರೊಟ್ಟಿಯಾಯಿತು. ಚನ್ನಪ್ಪ ಬದುಕಿದ್ದರೆ ಈಗ ಎಂಟು ತುಂಬುತ್ತಿತ್ತಲ್ಲ, ಎಂಟು ವರ್ಷದ ಗಂಡು ಹುಡುಗನಿಗೆ ಒಂದು ತುತ್ತು ಎಲ್ಲಿ ಸಾಲುತ್ತದೆ? ಅವನಿಗೆ ಹತ್ತಾದ ವರ್ಷ ಅಣ್ಣನ ಪಾಲು ಎರಡು ರೊಟ್ಟಿಗೆ ಬಂತು. ಸತ್ತ ಮಗ ಹೀಗೆ ವರ್ಷವರ್ಷಕ್ಕೂ ಬೆಳೆಯುತ್ತಿದ್ದ, ತಂಗಿಯ ಹೊಟ್ಟೆಯಲ್ಲಿ. ಇಷ್ಟು ಸಣ್ಣ ಹೊಟ್ಟೆಯಲ್ಲಿ ಇಬ್ಬರಿಗೆ ಜಾಗವೆಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಓಣಿಯವರಂತೂ ಹೊಗಳಿದ್ದೇ ಹೊಗಳಿದ್ದು. ಸಂಗವ್ವನ ಮಗಳು ಎಷ್ಟು ಚೆನ್ನಾಗಿ ಉಣ್ಣುತ್ತಾಳೆ, ಗಂಗಾಳದಲ್ಲಿ ಒಂದು ಅಗುಳೂ ಬಿಡುವುದಿಲ್ಲ ಎಂದು ತಮ್ಮ ಮಕ್ಕಳ ಮುಂದೆ ಅವಳನ್ನೇ ತೋರಿಸಿದರು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಎಲ್ಲರ ಬಾಯಲ್ಲೂ ಇತ್ತು. ಊಟ ಬಲ್ಲವರು ಎಂದರೆ ಹೆಚ್ಚು ಉಣ್ಣುವವರು ಎಂದು ಆ ಓಣಿಯ ಜನ ತಿಳಿದಿದ್ದರು, ಪಾಪ. ಅಷ್ಟರಲ್ಲಿ ದಾನವ್ವ ಆಟ ಬಿಟ್ಟಿದ್ದಳು. ಉಂಡ ಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಹಿತ್ತಲಿಗೆ ಹೋಗಿ ಯಾರಿಗೂ ಕಾಣದಂತೆ ವಾಂತಿ ಮಾಡಿ, ಮೇಲೆ ಮಣ್ಣು ಎಳೆದು ಬರುತ್ತಿದ್ದಳು. ಒಂದು ದಿನ ಸಂಗವ್ವ ಅದನ್ನು ಕಂಡಳು. ಕಂಡವಳು ಮಾಡಿದ್ದೇನು ಗೊತ್ತೆ? ಉಂಡದ್ದೆಲ್ಲ ಹೋಯಿತಲ್ಲ ಎಂದು ಹೆದರಿ, ಮಗಳನ್ನು ಒಳಗೆ ಕರೆದು ಮತ್ತೆ ಮೊದಲಿನಿಂದ ಉಣಿಸಿದಳು. ಕೆಟ್ಟ ತಾಯಿಯಲ್ಲ ಅವಳು. ದುಃಖ ಅವಳ ಕಣ್ಣು ಕಟ್ಟಿತ್ತು, ಅದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

ಗುರುಸಿದ್ದಪ್ಪ ಒಂದೆರಡು ಸಲ ಸಾಕು ಮಾಡು ಎಂದು ನೋಡಿದ. ಇದ್ದೊಂದು ಮಗುವನ್ನೂ ಕಳೆದುಕೊಳ್ಳಬೇಕೇನು ಎಂದು ಹೆಂಡತಿ ಕೇಳಿದಳು. ಅವನು ಮತ್ತೆ ನೇಯಲು ಮಗ್ಗದ ಕುಣಿಗೆ ಇಳಿದುಬಿಟ್ಟ. ದೃಷ್ಟಿ ತೆಗೆಸಿದರು, ಚೂರ್ಣ ಕುಡಿಸಿದರು. ಹುಡುಗಿ ದಿನದಿನಕ್ಕೆ ಮಂಕಾದಳು. ಕೊನೆಗೆ ಯಾರೋ ಹೇಳಿದರೆಂದು ಸಂಗವ್ವ ಮಗಳನ್ನು ಪಕ್ಕದೂರಿನ ಮಠದ ದಾಸೋಹಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬಡಿಸುವ ರುದ್ರಪ್ಪಜ್ಜನ ಕೈಯಿಂದ ಪ್ರಸಾದ ಉಂಡರೆ ಹೊಟ್ಟೆಯ ಬೇನೆ ಹೋಗುತ್ತದೆ ಎಂಬ ಮಾತಿತ್ತು.

ರುದ್ರಪ್ಪಜ್ಜನ ಕೈಯಲ್ಲಿ ಅಂಥ ಪವಾಡವೇನೂ ಇರಲಿಲ್ಲ. ನಲವತ್ತು ವರ್ಷ ಪಂಕ್ತಿಯಲ್ಲಿ ಬಡಿಸಿದ ಮುದುಕ, ಅಷ್ಟೆ. ಅವನದೊಂದು ಪದ್ಧತಿಯಿತ್ತು. ಉಣ್ಣುವವರು ಗಂಗಾಳದ ಮೇಲೆ ಕೈ ಅಡ್ಡ ಹಿಡಿಯುವತನಕ ಬಡಿಸುತ್ತಿದ್ದ. ಕೈ ಅಡ್ಡ ಬಂತೆಂದರೆ ಮುಂದಕ್ಕೆ ಹೋಗುತ್ತಿದ್ದ. ಸಾಹುಕಾರನಿರಲಿ, ಭಿಕ್ಷುಕನಿರಲಿ, ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದವನಲ್ಲ.

ಅಂದು ದಾನವ್ವನ ಗಂಗಾಳಕ್ಕೆ ರೊಟ್ಟಿ ಬಿತ್ತು. ಕೈ ಅಡ್ಡ ಬರಲಿಲ್ಲ. ಇನ್ನೊಂದು ಬಿತ್ತು. ಆಮೇಲೆ ಹುಗ್ಗಿ, ಆಮೇಲೆ ಅನ್ನ. ಹುಡುಗಿ ತಲೆ ಬಗ್ಗಿಸಿಕೊಂಡು ಉಣ್ಣುತ್ತಲೇ ಇದ್ದಳು. ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಕೈ ಮಾತ್ರ ಗಂಗಾಳದ ಮೇಲೆ ಬರಲೊಲ್ಲದು. ಮುದುಕ ಮೊದಲ ಸಲ ತನ್ನ ಪದ್ಧತಿ ಮುರಿದ. ಸೌಟನ್ನು ಬದಿಗಿಟ್ಟು ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ತುಂಬಿತೇನವ್ವಾ ಎಂದು ಕೇಳಿದ.

ದಾನವ್ವ ತಿರುಗಿ ತಾಯಿಯ ಮುಖ ನೋಡಿದಳು.

ಅಜ್ಜ ಮತ್ತೆ ಕೇಳಿದ. ಹುಡುಗಿ ತಪ್ಪು ಮಾಡಿದವಳ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು:

"ನಂದು ತುಂಬೈತಿ ಅಜ್ಜಾ. ಅಣ್ಣಂದು ತುಂಬೈತೋ ಇಲ್ಲೋ ಗೊತ್ತಾಗವಲ್ದು."

ಪಕ್ಕದಲ್ಲೇ ಕೂತಿದ್ದ ಸಂಗವ್ವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಊಟವಾದ ಮೇಲೆ ರುದ್ರಪ್ಪಜ್ಜ ಅವಳನ್ನು ಅಡುಗೆಮನೆಯ ಹಿಂದೆ ಕರೆದು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಬೈಯಲಿಲ್ಲ. ಮನೆಗೆ ಹೋಗಿ ರೊಟ್ಟಿ ಮಾಡಿಡು, ಉಣ್ಣು ಎನ್ನಬೇಡ, ಸಾಕೆ ಎಂದೂ ಕೇಳಬೇಡ, ಯಾವ ತುತ್ತಿಗೂ ಯಾರ ಹೆಸರೂ ಬೇಡ ಎಂದ. ಮಗಳು ತಾನಾಗಿ ಊಟ ಕೇಳದೇ ಇದ್ದರೆ ಎಂದು ಸಂಗವ್ವ ಕೇಳಿದಳು.

"ಕೇಳೂತನಕ ತಡಿ, ತಂಗಿ. ಸತ್ತವರ ಹಸಿವು ಬದುಕಿದ್ದವರು ಉಂಡರ ತೀರೂದಿಲ್ಲ. ಆ ಕೂಸಿನ ಹೊಟ್ಟಿ ಆ ಕೂಸಿಗಿ ತಿರುಗಿ ಕೊಡು."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮೊದಲ ದಿನ ದಾನವ್ವ ಸಂಜೆಯವರೆಗೆ ಏನನ್ನೂ ಕೇಳಲಿಲ್ಲ. ಸಂಗವ್ವನಿಗೆ ಚನ್ನಪ್ಪನ ಒಂಬತ್ತನೆಯ ದಿನವೇ ಮತ್ತೆ ಬಂದಂತಾಯಿತು. ಹತ್ತು ಸಲ ರೊಟ್ಟಿಯ ಬುಟ್ಟಿಯ ಬಳಿ ಹೋದಳು, ಹತ್ತು ಸಲ ಕೈ ಹಿಂದಕ್ಕೆ ತೆಗೆದಳು. ಎರಡನೆಯ ದಿನ ಹುಡುಗಿ ಒಲೆಯ ಸುತ್ತ ಸುಳಿದಾಡಿ, ತಾಯಿಯ ಸೆರಗು ಹಿಡಿದು, "ಯವ್ವಾ, ನನಗ ಹಸಿವಾಗೈತೇನ?" ಎಂದು ಕೇಳಿದಳು.

ಏಳು ವರ್ಷದ ಮಗುವಿಗೆ ತನ್ನ ಹಸಿವನ್ನು ಇನ್ನೊಬ್ಬರ ಹತ್ತಿರ ಕೇಳಬೇಕಾದ ಗತಿ ಬಂದಿತ್ತು. ಹೌದು ಎನ್ನುವ ಮಾತು ಸಂಗವ್ವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ನನಗೆ ಹೇಗೆ ಗೊತ್ತಾಗಬೇಕವ್ವಾ, ನಿನ್ನ ಹೊಟ್ಟೆಯನ್ನೇ ಕೇಳು ಎಂದಳು. ದಾನವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಏನೂ ತಿಳಿಯದೆ ಹೊರಗೆ ಹೋದಳು.

ಹೀಗೆ ವಾರಗಳು ಹೋದವು. ದಾನವ್ವ ಬುಟ್ಟಿಗೆ ತಾನೇ ಕೈ ಹಾಕಿ ಒಂದು ದಿನ ಅರ್ಧ ರೊಟ್ಟಿ ಉಂಡಳು, ಒಂದು ದಿನ ನಾಲ್ಕು ರೊಟ್ಟಿ, ಮಾರನೆಯ ದಿನ ಬರೀ ಮಜ್ಜಿಗೆ. ಹಿಂದೆ ಹೊಗಳಿದ ಬಾಯಿಗಳೇ ಈಗ ಮಗಳನ್ನು ಉಪವಾಸ ಕೆಡವಿದ್ದಾಳೆ ಎಂದು ಆಡಿಕೊಂಡವು. ಸಂಗವ್ವ ಎಲ್ಲವನ್ನೂ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತ ಹೋದಳು.

ಒಂದು ಮಧ್ಯಾಹ್ನ ದಾನವ್ವ ಓಣಿಯಿಂದ ಓಡುತ್ತ ಬಂದಳು. ಮೈಯೆಲ್ಲ ಧೂಳು. ಹಸಿವಾಗಿದೆ, ರೊಟ್ಟಿ ಕೊಡು ಎಂದು ತಾನಾಗಿ ಕೇಳಿದಳು. ಸಂಗವ್ವ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು ದೂರ ಕೂತಳು. ಹುಡುಗಿ ಒಂದೂವರೆ ರೊಟ್ಟಿ ಉಂಡು ಕೈ ತಡೆದಳು. ಉಳಿದ ಅರ್ಧವನ್ನೇ ನೋಡುತ್ತ ಕೇಳಿದಳು:

"ಅಣ್ಣಗ?"

ಮೂರು ವರ್ಷದಿಂದ ಸಂಗವ್ವ ಆ ಮಾತನ್ನು ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಆಡದಿದ್ದರೆ ಆ ಅರ್ಧ ರೊಟ್ಟಿ ಮತ್ತೆ ಮಗಳ ಹೊಟ್ಟೆಗೇ ಹೋಗುತ್ತಿತ್ತು.

"ನಿಮ್ಮಣ್ಣ ಸತ್ತಾನವ್ವಾ. ಸತ್ತವರಿಗಿ ಹಸಿವಿರೂದಿಲ್ಲ."

ಹಾಗಾದರೆ ತನಗೆ ಸಾಕು ಎಂದು ದಾನವ್ವ ಎದ್ದಳು. ಕೈ ತೊಳೆದು, ತಾಯಿಯ ಮುಖ ನೋಡದೆ, ಮತ್ತೆ ಆಟಕ್ಕೆ ಓಡಿದಳು.

ಸಂಗವ್ವ ಗಂಗಾಳದ ಮುಂದೆ ಬಂದು ಕೂತಳು. ಮಗ ಸತ್ತ ದಿನ ಅಳಲಾರದೆ ಹೋದವಳು ಅಂದು ಅವನ ಹೆಸರು ಹಿಡಿದು ಅತ್ತಳು. ಮಗ್ಗದ ಸದ್ದು ನಿಂತಿತು. ಗುರುಸಿದ್ದಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಮಗಳು ಬಿಟ್ಟುಹೋದ ಅರ್ಧ ರೊಟ್ಟಿ ಗಂಗಾಳದಲ್ಲಿ ಹಾಗೇ ಇತ್ತು. ಅದನ್ನು ಯಾರೂ ಯಾರಿಗೂ ಉಣಿಸಲಿಲ್ಲ.

ನೀತಿ: ಎಷ್ಟು ಬೇಕು, ಎಷ್ಟು ಸಾಕು ಎಂದು ಹೇಳಬೇಕಾದದ್ದು ಉಣ್ಣುವವರ ಹೊಟ್ಟೆ. ಬಡಿಸುವವರ ಪ್ರೀತಿ, ಭಯ, ದುಃಖ ಯಾವುದನ್ನೂ ಇನ್ನೊಬ್ಬರ ಗಂಗಾಳಕ್ಕೆ ಹಾಕಬಾರದು. ಹಸಿವಿನ ಮಾತನ್ನು ಕೇಳದೆ ಉಣಿಸಿದರೆ ಅನ್ನವೂ ಹೊರೆಯಾಗುತ್ತದೆ.