ಊರು ಬಂತಾ ಎಂದು ಕೇಳಿದ ಗಾಲಿಗಳು

ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ ಅಂತ ಶುರು ಮಾಡಬೇಕು, ಅದು ಪದ್ಧತಿ. ಆದರೆ ಈ ರಾಜ ಒಂದು ಊರಿನಲ್ಲಿ ಇದ್ದರೆ ತಾನೆ? ಒಂದಾನೊಂದು ಊರಿನಲ್ಲಿ ಎರಡು ದಿನ, ಇನ್ನೊಂದಾನೊಂದು ಊರಿನಲ್ಲಿ ಮೂರು ದಿನ ಇರುತ್ತಿದ್ದ. ಹೆಸರು ಚಿಕ್ಕಬೆಟ್ಟರಾಯ. ಅವನ ರಾಜ್ಯದಲ್ಲಿ ಅರವತ್ತೈದು ಊರು. ಅರಮನೆ ನಮ್ಮೂರಲ್ಲೇ ಕಟ್ಟಿಸಿ ಅಂತ ಅರವತ್ತೈದೂ ಊರಿನವರು ಬಂದು ಕಾಲಿಗೆ ಬಿದ್ದರು. ಒಂದೂರಿಗೆ ಹೂಂ ಅಂದರೆ ಅರವತ್ನಾಲ್ಕು ಊರಿಗೆ ಬೇಜಾರು. ರಾಜ ಪಾಪ, ಯಾರ ಮನಸ್ಸನ್ನೂ ನೋಯಿಸದವನು. ಯೋಚಿಸಿ ಯೋಚಿಸಿ ಅರಮನೆಗೆ ಹದಿನೆಂಟು ಗಾಲಿ ಹಾಕಿಸಿಬಿಟ್ಟ.

ಎತ್ತು ಹೂಡಿದರೆ ಅರಮನೆ ಹೊರಡುತ್ತಿತ್ತು. ಎತ್ತು ಬಿಚ್ಚಿದರೆ ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಅಂದೆನಾ? ತಪ್ಪಾಯಿತು. ಮುಂದೆ ಹೋಗುವುದನ್ನು ಬಿಡುತ್ತಿತ್ತು, ಅಷ್ಟೆ. ಗಾಲಿಗಳೆಲ್ಲ ಹಿಂದೆ, ಅರಮನೆಯ ಮೂತಿ ಮುಂದೆ ಗಾಳಿಯಲ್ಲಿ. ರಾಜ ಆಕಳಿಸಿದರೆ ಅಡುಗೆಮನೆ ಅಲುಗುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಸಿಂಹಾಸನ ಅಲುಗುತ್ತಿತ್ತು.

ರಾಣಿ ಹೊನ್ನಾಜಮ್ಮಣ್ಣಿ ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಲೋಟ ಹಾಲನ್ನೂ ಆಕೆ ಪೂರ್ತಿ ಕುಡಿದಿರಲಿಲ್ಲ. ಅರ್ಧ ಬಾಯಿಗೆ, ಅರ್ಧ ಸೀರೆಗೆ. ಒಂದು ಬೆಳಿಗ್ಗೆ ಇಡೀ ಲೋಟ ಸೀರೆಗೇ ಹೋಯಿತು.

“ಸಾಕಾಯ್ತು. ನಾನು ತವರಿಗೆ ಹೋಗ್ತೀನಿ” ಅಂದಳು ರಾಣಿ.

“ಮತ್ತೆ ಯಾವಾಗ ಬರ್ತೀಯೆ?”

“ನಿಮ್ಮ ಮನೆ ನಿಂತ ದಿನ. ಅಮಾವಾಸ್ಯೆವರೆಗೂ ನೋಡ್ತೀನಿ. ಅಷ್ಟರೊಳಗೆ ಒಂದೇ ಒಂದು ಲೋಟ ಹಾಲು ಚೆಲ್ಲದೆ ಕುಡಿದರೆ ಇರ್ತೀನಿ. ಇಲ್ಲದಿದ್ದರೆ ಹೊರಟೆ.”

ರಾಜನಿಗೆ ರಾಣಿಯೆಂದರೆ ಪ್ರಾಣ. ಎದೆ ಧಸಕ್ಕೆಂದಿತು. ಅವನ ಎದೆ ಧಸಕ್ಕೆಂದದ್ದಕ್ಕೂ ಅರಮನೆ ಒಮ್ಮೆ ಅಲುಗಿತು.

ಮಂತ್ರಿ ಸಂಪಂಗಯ್ಯನನ್ನು ಕರೆಸಿದ. “ಅದಕ್ಕೇನು ಮಹಾಸ್ವಾಮಿ, ಗಾಲಿಗೆ ಕಲ್ಲು ಕೊಟ್ಟರಾಯಿತು” ಅಂದ ಮಂತ್ರಿ. ಹದಿನೆಂಟು ಗಾಲಿಗೂ ಹಿಂದೆ ಮುಂದೆ ಕಲ್ಲು ಕೊಟ್ಟರು. ಅರಮನೆ ಹಿಂದೆ ಮುಂದೆ ಆಡುವುದು ನಿಂತಿತು. ಆದರೆ ಆ ಆಟ ಎಲ್ಲಿಗಾದರೂ ಹೋಗಬೇಕಲ್ಲ? ಎಡಕ್ಕೂ ಬಲಕ್ಕೂ ಹೋಯಿತು.

“ಹಾಗಾದರೆ ನಾಲ್ಕು ಮೂಲೆಗೆ ನಾಲ್ಕು ಕಂಬ” ಅಂದ ಮಂತ್ರಿ. ಕಂಬಗಳು ನಾಲ್ಕೂ ಒಂದೇ ಅಳತೆ. ಆದರೂ ಮೂರು ನೆಲ ಮುಟ್ಟಿದರೆ ನಾಲ್ಕನೆಯದು, “ನಾನೊಬ್ಬನೇ ಕುಳ್ಳನಾ?” ಅಂತ ಅಳುತ್ತಿತ್ತು. ಅದರ ಸಮಾಧಾನಕ್ಕೆ ಬಡಗಿ ಮಿಕ್ಕ ಮೂರನ್ನು ಕೆತ್ತಿದ. ಈಗ ಇನ್ನೊಂದು ಅತ್ತಿತು. ಮತ್ತೆ ಮೂರನ್ನು ಕೆತ್ತಿದ. ಹೀಗೆ ಸಮಾಧಾನ ಮಾಡುತ್ತ ಮಾಡುತ್ತ ಐದನೇ ದಿನ ನೋಡಿದರೆ ಕಂಬಗಳು ಪಗಡೆಕಾಯಿಯಷ್ಟಾಗಿದ್ದವು. ರಾಣಿ ಅವುಗಳನ್ನಿಟ್ಟುಕೊಂಡು ಒಂದಾಟ ಪಗಡೆ ಆಡಲು ಹೋದಳು. ಅರಮನೆ ಅಲುಗಿ ಕಾಯಿಗಳೆಲ್ಲ ಮನೆ ತಪ್ಪಿದವು.

ಮಂತ್ರಿ ಮೂರು ಹೊತ್ತು ತಲೆ ಕೆರೆದುಕೊಂಡ. “ಮಹಾಸ್ವಾಮಿ, ತಾವು ಎಡಕ್ಕೆ ಹೊರಳಿದರೆ ಅರಮನೆ ಎಡಕ್ಕೆ ವಾಲುತ್ತೆ. ಅದೇ ಗಳಿಗೆಗೆ ಇನ್ನೊಬ್ಬ ಬಲಕ್ಕೆ ಹೊರಳಿಬಿಟ್ಟರೆ?”

ಸರಿ, ರಾಜನಷ್ಟೇ ತೂಕದವನೊಬ್ಬನನ್ನು ಹುಡುಕಿ ತಂದರು. ಎದುರು ಹೊರಳುವುದು ಅವನ ಕೆಲಸ. ಚೆನ್ನಾಗಿಯೇ ಹೊರಳಿದ, ಸುಳ್ಳು ಹೇಳಬಾರದು. ಆದರೆ ಅವನಿಗೂ ಹೊಟ್ಟೆಯಿದೆಯಲ್ಲ? ಅವನಿಗೆ ಊಟ ಬಡಿಸಲು ಒಬ್ಬ ಬಲಗಡೆ ಬಂದರೆ, ಎಡಗಡೆ ಸುಮ್ಮನೆ ಊಟ ಬಡಿಸಲು ಇನ್ನೊಬ್ಬ ಬೇಕಾಯಿತು. ಬಡಿಸಿದ ಊಟ ಹಾಳಾಗಬಾರದೆಂದು ತಿನ್ನಲು ಮತ್ತೊಬ್ಬ. ಅವನು ಕೈತೊಳೆಯಲು ಎದ್ದರೆ ಆಚೆ ಕಡೆ ಕೈತೊಳೆಯಲು ಮಗದೊಬ್ಬ. ಮೂರು ದಿನದಲ್ಲಿ ಇಡೀ ಊರು ಅರಮನೆಯೊಳಗೆ ಸೇರಿತು. ಊರ ನಾಯಿಯೂ ಬಂತು. ಅದು ಬಾಲ ಅಲ್ಲಾಡಿಸುತ್ತದೆ ಅಂತ ಎದುರು ಬಾಲಕ್ಕೆ ಪಕ್ಕದೂರಿನ ನಾಯಿಯನ್ನು ತರಿಸಿದರು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಯಾರಿಗೋ ಸೀನು ಬಂತು. ಎದುರು ಸೀನುವವನನ್ನು ಮಂತ್ರಿ ನೇಮಿಸಿರಲಿಲ್ಲ. ಇಡೀ ಮಧ್ಯಾಹ್ನ ಅರಮನೆ ತೂಗಿತು.

ಅಮಾವಾಸ್ಯೆಗೆ ಒಂದೇ ದಿನ ಉಳಿಯಿತು. ರಾಣಿ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬತೊಡಗಿದಳು. ರಾಜನಿಗೆ ಅದನ್ನು ನೋಡಲಾಗಲಿಲ್ಲ. ಊರಿನವರನ್ನೆಲ್ಲ ಮನೆಗೆ ಕಳಿಸಿ, ತಾನೂ ಅರಮನೆಯಿಂದ ಇಳಿದು ನೆಲದ ಮೇಲೆ ಕೂತ. ಅಲ್ಲಿ ಎತ್ತು ಹೊಡೆಯುವವರಿಗೆ ಅಡುಗೆ ಮಾಡುವ ಸಣ್ಣೀರಮ್ಮ ಮೂರು ಕಲ್ಲಿನ ಒಲೆ ಹೂಡಿ ಅನ್ನಕ್ಕಿಟ್ಟಿದ್ದಳು. ಮಡಕೆ ಕೊತಕೊತ ಕುದಿಯುತ್ತಿತ್ತು. ಆದರೂ ಕೂತಲ್ಲಿಂದ ಕದಲುತ್ತಿರಲಿಲ್ಲ.

“ಅಜ್ಜಿ, ನಿನ್ನ ಮಡಕೆ ಯಾಕೆ ಅಲ್ಲಾಡೋದಿಲ್ಲ?”

“ಮೂರು ಕಲ್ಲು ನೋಡಿ ಬುದ್ಧಿ. ನಾಲ್ಕಿದ್ರೆ ಇಬ್ಬರು ಅತ್ತ, ಇಬ್ಬರು ಇತ್ತ, ಜಗಳ ಹರಿಯಾಕಿಲ್ಲ. ಮೂರಿದ್ರೆ ಇಬ್ಬರ ಮಾತು ಗೆಲ್ತದೆ. ಮೂರನೆಯವನು ಬಾಯಿ ಮುಚ್ಕೊಂಡು ಕೂತ್ಕತಾನೆ.”

ರಾಜ ಎದ್ದು ಓಡಿದ. ಮೂರು ದೊಡ್ಡ ಕಲ್ಲು ಉರುಳಿಸಿ ತರಿಸಿ, ಒಲೆ ಹೂಡಿದ ಹಾಗೆ ಹೂಡಿ, ಅರಮನೆಯ ಮೂತಿಯನ್ನು ಅದರ ಮೇಲೆ ಇಳಿಸಿದ. ಕಲ್ಲುಗಳು ಗುಸುಗುಸು ಮಾತಾಡಿಕೊಂಡವು. ಇಬ್ಬರದು ಗೆದ್ದಿತು. ಅರಮನೆ ಕೂತಿತು. ಮಂತ್ರಿ ಮಾತ್ರ, “ಕೆಳಗೆ ಯಾರೂ ಬೆಂಕಿ ಹಚ್ಚಬೇಡ್ರಪ್ಪಾ!” ಅಂತ ಕೂಗುತ್ತ ಸುತ್ತಲೂ ಓಡಾಡಿದ.

ರಾಣಿ ಲೋಟದಲ್ಲಿ ಹಾಲು ತಂದಿಟ್ಟು ನೋಡಿದಳು. ಹಾಲು ಚೆಲ್ಲಲಿಲ್ಲ. ಆದರೆ ಕೆನೆಯ ಮೇಲೆ ಸಣ್ಣಗೆ, ಸಣ್ಣಗೆ ನಡುಕ.

“ಇನ್ನೂ ನಡುಗ್ತಿದೆ” ಅಂತ ಪೆಟ್ಟಿಗೆಗೆ ಬೀಗ ಹಾಕಿದಳು.

ರಾಜ ಅರಮನೆಯ ಕೆಳಗೆ ತೂರಿ ಗಾಲಿಗಳಿಗೆ ಕಿವಿ ಕೊಟ್ಟ. ಹದಿನೆಂಟೂ ಒಳಗೊಳಗೇ ನಡುಗುತ್ತಿದ್ದವು.

“ಯಾಕ್ರಪ್ಪಾ? ಎತ್ತು ಬಿಚ್ಚಿ ಎಷ್ಟು ದಿನ ಆಯ್ತು!”

“ಊರು ಬಂತಾ?” ಅಂತ ಕೇಳಿತು ಒಂದು ಗಾಲಿ. “ಹನ್ನೊಂದು ವರ್ಷದಿಂದ ಕಾಯ್ತಿದೀವಿ. ಊರು ಬಂತು ಅಂತ ನೀವು ಒಂದು ದಿನವೂ ಹೇಳಲಿಲ್ಲ. ಇವತ್ತು ಹೊರಡ್ತೀವೋ ನಾಳೆ ಹೊರಡ್ತೀವೋ ಗೊತ್ತಾಗದೆ ಅರ್ಧ ಎದ್ದೇ ಕೂತಿದೀವಿ.”

ಆ ಎರಡು ಮಾತು ಹೇಳಿದರೆ ಅರವತ್ನಾಲ್ಕು ಊರಿಗೆ ಬೇಜಾರು. ಹೇಳದಿದ್ದರೆ ರಾಣಿ ಹೊರಡುತ್ತಾಳೆ. ಮೇಲಿನಿಂದ ಪೆಟ್ಟಿಗೆ ಎಳೆಯುವ ಸದ್ದು ಬಂತು. ರಾಜನಿಗೆ ಅಳು ಬಂದುಬಿಟ್ಟಿತು. ಒಬ್ಬರನ್ನೂ ನೋಯಿಸಬಾರದೆಂದು ಹೊರಟು, ಇಷ್ಟು ವರ್ಷ ಒಬ್ಬಳನ್ನೇ ನೋಯಿಸಿದ್ದ.

“ಊರು ಬಂತು” ಅಂದ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಅಂದ, “ಇದೇ ನಮ್ಮೂರು. ಊರು ಬಂತು!”

ಹದಿನೆಂಟು ಗಾಲಿಗಳೂ “ಅಬ್ಬಾ!” ಅಂದವು. ಅಂದು, ನೆಲದೊಳಕ್ಕೆ ನಾಲ್ಕು ಬೆರಳು ಕೂತವು.

ಸಣ್ಣೀರಮ್ಮ ಅಡುಗೆಮನೆಗೆ ಹೋಗಿ ಹೊಸ ಮನೆಯಲ್ಲಿ ಮಾಡುವ ಹಾಗೆ ಹಾಲು ಕಾಯಿಸಿದಳು. ಅಷ್ಟು ವರ್ಷ ಅಡ್ಡಕ್ಕೇ ಚೆಲ್ಲುತ್ತಿದ್ದ ಹಾಲು ಅವತ್ತು ಮೊದಲ ಸಲ ನೆಟ್ಟಗೆ ಮೇಲಕ್ಕೆ ಉಕ್ಕಿತು. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. ರಾಣಿ ನಿಧಾನವಾಗಿ, ತಳದ ಸಕ್ಕರೆಯವರೆಗೂ ಕುಡಿದಳು. ಆಮೇಲೆ ಪೆಟ್ಟಿಗೆಯ ಬೀಗದ ಕೈ ತೆಗೆದು ರಾಜನ ಕೈಗಿಟ್ಟು, “ಸೀರೆ ಎಲ್ಲ ತೆಗೆದು ಜೋಡಿಸಿ” ಅಂದಳು. ರಾಜ ಖುಷಿಯಿಂದ ಜೋಡಿಸಿದ.

ಮಿಕ್ಕ ಅರವತ್ನಾಲ್ಕು ಊರುಗಳಿಗೆ ಬೇಜಾರಾಯಿತಾ ಅಂತ ಕೇಳುತ್ತೀರಿ. ಆಯಿತು, ಆಗದೆ ಇರುತ್ತದಾ? ಅರಮನೆ ನಮ್ಮಲ್ಲಿಗೆ ಬರದಿದ್ದರೆ ನಾವೇ ಅಲ್ಲಿಗೆ ಹೋಗೋಣ ಅಂತ, ಊರೂರೇ ಕೆಳಗೆ ಗಾಲಿ ಹಾಕಿಸಿಕೊಂಡು ಹೊರಟವು. ಇನ್ನೂ ಬರುತ್ತಲೇ ಇವೆಯಂತೆ.

ಇದರ ನೀತಿ ಏನು ಅಂತ ನನ್ನನ್ನು ಕೇಳಬೇಡಿ, ಸಣ್ಣೀರಮ್ಮನನ್ನು ಕೇಳಿ. ಅವಳು ಅನ್ನ ಬಸಿಯುತ್ತಿದ್ದಾಳೆ. ನಿಮ್ಮ ಮನೆಯಲ್ಲಿ ಲೋಟದ ಹಾಲು ತಂತಾನೇ ನಡುಗಿದರೆ, ನಿಮ್ಮದು ಆ ಅರವತ್ನಾಲ್ಕರಲ್ಲಿ ಒಂದೂರು ಅಂತ ತಿಳಿಯಿರಿ. ಹೆದರಬೇಡಿ. ಬಗ್ಗಿ ನೆಲಕ್ಕೆ ಬಾಯಿಟ್ಟು, ಊರು ಬಂತು ಅಂತ ಮೆಲ್ಲಗೆ ಹೇಳಿ. ನನ್ನ ಕತೆಯ ಗಾಲಿಗೂ ಇಲ್ಲಿಗೆ ಕಲ್ಲು ಕೊಟ್ಟೆ. ಎದ್ದು ಹೋಗಿ ಹಾಲು ಕುಡಿಯಿರಿ.