ಯಾರ ಹೆಸರು ಬರೆಯಲಿ?

ಜರ್ಮನಿಯ ಮ್ಯೂನಿಕ್ ಊರಿನ ಬಿಯರ್ ಹಬ್ಬಕ್ಕೆ ಮಿರೆಲ್ಲಾ ಎಂಬ ನಟಿ ಬಂದಳು. ಬಿಯರ್ ಕುಡಿಯಲಿಕ್ಕಲ್ಲ, ಬಿಯರ್ ಹಿಡಿದು ಫೋಟೊ ತೆಗೆಸಿಕೊಳ್ಳಲಿಕ್ಕೆ. ಇಪ್ಪತ್ತು ಲಕ್ಷ ಫಾಲೋವರ್‌ಗಳು ಫೋನ್ ಹಿಡಿದು ಕೂತಿರುವಾಗ, ಪಾಪ, ಅವರನ್ನು ಕಾಯಿಸುವುದುಂಟೇ?

ದೊಡ್ಡ ಗಾಜಿನ ಮಗ್ಗಿನ ಜೊತೆ ಫೋಟೊ ಆಯಿತು. ಕುದುರೆ ಗಾಡಿಯ ಜೊತೆಗೂ ಆಯಿತು. ಉಳಿದದ್ದು ಒಂದೇ. ಆ ಹಬ್ಬದಲ್ಲಿ ಹೃದಯದ ಆಕಾರದ ಜೇನು ಬಿಸ್ಕತ್ತಿನ ಮೇಲೆ ಸಕ್ಕರೆ ಪಾಕದಿಂದ ಹೆಸರು ಬರೆಸಿ, ದಾರ ಕಟ್ಟಿ ಕೊರಳಿಗೆ ಹಾಕುತ್ತಾರೆ. ಅದಿಲ್ಲದಿದ್ದರೆ ತಾನು ಹಬ್ಬಕ್ಕೆ ಬಂದದ್ದನ್ನೇ ಯಾರೂ ನಂಬುವುದಿಲ್ಲವೆಂದು ಮಿರೆಲ್ಲಾಳ ಚಿಂತೆ.

ಬಿಸ್ಕತ್ತು ಮಾರುವ ವಾಲ್ಬುರ್ಗಾ ಅಜ್ಜಿಯ ಅಂಗಡಿಗೆ ಹೋದಳು.

“ಅಜ್ಜೀ, ಮಿರೆಲ್ಲಾ ಅಂತ ಬರೀರಿ. ಅಕ್ಷರ ದಪ್ಪಗಿರಲಿ, ಫೋಟೊದಲ್ಲಿ ಕಾಣಬೇಕು.”

“ಯಾರಮ್ಮ ಮಿರೆಲ್ಲಾ?”

“ನಾನೇ.”

ಅಜ್ಜಿ ಪಾಕ ಹಿಂಡಿ ಬರೆಯುವ ಚೀಲ ಕೆಳಗಿಟ್ಟಳು. “ತನಗೆ ತಾನೇ ಹಾಕಿಕೊಳ್ಳೋರಿಗೆ ನಾನು ಬರೆದುಕೊಡಲ್ಲ ತಾಯಿ. ಇದು ನಮಗೆ ಬೇಕಾದವರ ಕೊರಳಿಗೆ ಹಾಕೋದು. ನಿನಗೆ ಬೇಕಾದವರು ಯಾರು ಹೇಳು, ಅವರ ಹೆಸರು ಬರೀತೀನಿ.”

ಮಿರೆಲ್ಲಾ ಯೋಚಿಸಿದಳು. ಇಪ್ಪತ್ತು ಲಕ್ಷ ಜನರಲ್ಲಿ ಒಬ್ಬರೂ ನೆನಪಾಗಲಿಲ್ಲ.

ಹಿಂತಿರುಗಿ ನೋಡಿದಳು. ಮೂರು ತಿಂಗಳಿಂದ ಅವಳ ಕೋಟು, ಚೀಲ ಹೊತ್ತು, ಅವಳ ಫೋಟೊಗಳನ್ನೆಲ್ಲ ತೆಗೆಯುತ್ತಿದ್ದ ಸಹಾಯಕಿ ಫೋನ್ ಎತ್ತಿ ಹಿಡಿದು ನಿಂತಿದ್ದಳು. ಬೆಳಗಿನಿಂದ ಆಕೆ ಏನೂ ತಿಂದಿರಲಿಲ್ಲ. ಅದು ಮಿರೆಲ್ಲಾಳಿಗೆ ಈಗ ಹೊಳೆಯಿತು. ಆಕೆಯ ಹೆಸರು ಮಾತ್ರ ಗೊತ್ತಿರಲಿಲ್ಲ. ‘ಏಯ್, ಇಲ್ಲಿ ಬಾ’ ಎಂದರೆ ಕೆಲಸ ನಡೆದುಹೋಗುತ್ತಿತ್ತು.

ನಾಚಿಕೆಯಿಂದ ತಲೆ ತಗ್ಗಿಸಿ ಕೇಳಿದಳು, “ನಿನ್ನ ಹೆಸರೇನು?”

“ಗೆರ್ಲಿಂಡ.”

ಅಜ್ಜಿ ಚೆಂದವಾಗಿ ಬರೆದುಕೊಟ್ಟಳು. ಮಿರೆಲ್ಲಾ ತನ್ನ ಕೈಯಾರೆ ಅದನ್ನು ಗೆರ್ಲಿಂಡಳ ಕೊರಳಿಗೆ ಹಾಕಿ, “ತಪ್ಪಾಯಿತು ಕಣೇ” ಎಂದಳು. ಗೆರ್ಲಿಂಡಳಿಗೆ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. ಆಕೆ ಫೋನನ್ನು ಚೀಲಕ್ಕೆ ಹಾಕಿ ಅಂಗಡಿಯ ಕಡೆ ತಿರುಗಿದಳು.

“ಅಜ್ಜೀ, ಇನ್ನೊಂದು ಕೊಡಿ. ಮಿರೆಲ್ಲಾ ಅಂತ ಬರೀರಿ.”

“ಓ, ಈಗ ಬರೀತೀನಿ” ಎಂದಳು ಅಜ್ಜಿ.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹುರಿದ ಕೋಳಿ ತರಿಸಿ ಹೊಟ್ಟೆ ತುಂಬ ತಿಂದರು. ಫೋಟೊ ತೆಗೆಯುವವಳೇ ಊಟಕ್ಕೆ ಕೂತಿದ್ದಳಲ್ಲ, ಆ ಮಧ್ಯಾಹ್ನ ಫೋಟೊದ ವಿಷಯ ಇಬ್ಬರಿಗೂ ಮರೆತೇ ಹೋಯಿತು.

ನೀತಿ: ನಮ್ಮನ್ನು ನೋಡುವವರು ಲಕ್ಷ ಮಂದಿ ಇರಬಹುದು. ಪಕ್ಕದಲ್ಲಿ ನಿಂತವರನ್ನು ನಾವು ಹೆಸರು ಹಿಡಿದು ಕರೆಯದಿದ್ದರೆ, ನಮ್ಮವರು ಅಂತ ಒಬ್ಬರೂ ಇರುವುದಿಲ್ಲ.