ಎರಡು ದಡದ ಕಲ್ಲು

“ಹೊಳೆಯ ಎರಡೂ ದಡದವರು ಕೈಮುಗಿಯುವಂಥ ಒಂದು ಕಲ್ಲು ನಿಲ್ಲಬೇಕು. ನನ್ನ ಮೂರು ಒಗಟು ಬಿಡಿಸಿದವನಿಗೆ ಆ ಕೆಲಸ, ಜೊತೆಗೆ ಹತ್ತೂರ ಉಂಬಳಿ. ತಪ್ಪಿದವನಿಗೆ ತಲೆದಂಡ!”

ಹೀಗೆಂದು ನೀಲವರ್ಮ ದೊರೆ ಡಂಗುರ ಹೊಡೆಸಿದ. ಆಚೆದಡವನ್ನು ಗೆದ್ದು ವರ್ಷವಾಗಿತ್ತು. ನೆಲವೇನೋ ಒಂದಾಯಿತು, ಜನ ಒಂದಾಗಬೇಕಲ್ಲ! ಸಂತೆಯಲ್ಲೂ ಬೆನ್ನಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು.

ಆಚೆದಡದ ಗಾಣಿಗ ಮುದ್ದಯ್ಯನ ಅಣ್ಣ ಹಾಲಯ್ಯ ಆ ಯುದ್ಧದಲ್ಲೇ ಸತ್ತಿದ್ದ. ಸೋತವರಿಗೆ ವೀರಗಲ್ಲು ನಿಲ್ಲಿಸಕೂಡದೆಂದು ಅಪ್ಪಣೆಯಾಗಿತ್ತು. “ನನ್ನ ಮಗ ಹುಟ್ಟೇ ಇರಲಿಲ್ಲವೇನೋ ಅನ್ನುವ ಹಾಗಾಯ್ತಲ್ಲ” ಎಂದು ತಾಯಿ ಅಳುವುದನ್ನು ನೋಡಲಾರದೆ ಮುದ್ದಯ್ಯ ಹೊಳೆ ದಾಟಿದ.

ಆಸ್ಥಾನದಲ್ಲಿ ದೊರೆ ಕೇಳಿದ: “ಊರಲ್ಲಿ ನೂರು ಕಲ್ಲಿವೆ. ಒಂದರ ಮುಂದೆ ಮಾತ್ರ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಅದನ್ನು ದೊಡ್ಡದು ಮಾಡಿದವರಾರು?”

“ಕೆತ್ತಿದ ಶಿಲ್ಪಿ” ಎಂದ ಪಂಡಿತನನ್ನು ಭಟರು ಸೆರೆಗೆ ಎಳೆದೊಯ್ದರು.

“ಕೊನೆ ಮೇಲಿದೆ, ಮೊದಲು ಕೆಳಗಿದೆ. ಅಕ್ಷರ ಬಾರದವನೂ ಓದುತ್ತಾನೆ. ಯಾವ ಪುಸ್ತಕ?”

“ಆಕಾಶ” ಎಂದ ಕವಿಯೂ ಅದೇ ದಾರಿ ಹಿಡಿದ.

“ಒಂದೇ ಯುದ್ಧ, ಎರಡು ದಡ. ಇಬ್ಬರೂ ಕೈಮುಗಿಯುವ ಕಲ್ಲಿನಲ್ಲಿ ಯಾರಿರಬೇಕು?”

“ಗೆದ್ದ ತಾವೇ, ಪ್ರಭು!” ಎಂದು ದಂಡನಾಯಕ ಮೀಸೆ ತಿರುವಿದ. ಅಯ್ಯೋ, ಮೀಸೆಯೂ ಕಾಪಾಡಲಿಲ್ಲ.

ಮುದ್ದಯ್ಯ ಮುಂದೆ ಬಂದ. ಕೈಮುಗಿದು ಹೇಳಿದ: “ಒಡೆಯ, ಮೊದಲನೆಯದಕ್ಕೆ ಉತ್ತರ ಎಣ್ಣೆ ಹೊಯ್ಯುವವರು. ಯಾರೂ ಎಣ್ಣೆ ಹೊಯ್ಯದ ಕಲ್ಲಿಗೆ ಎಮ್ಮೆ ಮೈ ಉಜ್ಜುತ್ತದೆ. ಎರಡನೆಯದು ವೀರಗಲ್ಲು. ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಶಿವನ ಸನ್ನಿಧಿ. ನಾವು ಬುಡದಿಂದಲೇ ಓದುತ್ತೇವೆ.”

“ಮೂರನೆಯದು?”

“ವೀರಗಲ್ಲು ಗೆದ್ದವನಿಗಲ್ಲ ಒಡೆಯ, ಸತ್ತವನಿಗೆ. ಎರಡೂ ದಡದವರು ಸತ್ತಿದ್ದಾರೆ. ನನ್ನ ಅಣ್ಣ ನಿಮ್ಮ ವಿರುದ್ಧ ಕಾದು ಸತ್ತ. ನನಗೆ ಉಂಬಳಿ ಬೇಡ, ಆ ಕಲ್ಲಿನಲ್ಲಿ ಅವನಿಗಿಷ್ಟು ಜಾಗ ಕೊಡಿ.”

ದೊರೆಯ ಕಣ್ಣು ತುಂಬಿತು. ಅವನ ಒಬ್ಬನೇ ಮಗನೂ ಅದೇ ಕಾಳಗದಲ್ಲಿ ಮಡಿದಿದ್ದ.

“ನನ್ನ ಮಗನ ಪಕ್ಕದಲ್ಲೇ ಕೆತ್ತಿಸು. ಈ ವಿಷಯಕ್ಕೆ ಇನ್ನೊಂದು ತಲೆ ಉರುಳುವುದು ಬೇಡ, ಸೆರೆಯಲ್ಲಿರುವವರನ್ನು ಬಿಡಿ” ಎಂದ.

ಹೊಳೆಯ ನಡುಗಡ್ಡೆಯಲ್ಲಿ ಕಲ್ಲು ನಿಂತಿತು. ಮೊದಲ ದಿನ ಎರಡೂ ದಡದವರು ದೂರದೂರವೇ ನಿಂತಿದ್ದರು. ಮುದ್ದಯ್ಯನ ತಾಯಿ ಹತ್ತಿರ ಹೋಗಿ ಹಾಲಯ್ಯನ ಮುಖ ಸವರಿದಳು. ಆಮೇಲೆ ಪಕ್ಕದ ರಾಜಕುಮಾರನ ಕೆನ್ನೆಯನ್ನೂ ಸವರಿ, “ನಿಂಗೂ ಒಬ್ಬಳು ಅವ್ವ ಇದ್ದಾಳಲ್ಲಪ್ಪಾ” ಎಂದು ಅತ್ತಳು. ಈಚೆದಡದ ಗುಂಪಿನಿಂದ ರಾಣಿ ಹೊರಬಂದು ಅವಳ ಪಕ್ಕದಲ್ಲಿ ಕೂತಳು.